ಬಚ್ಚಲಿನಿಂದ ಒಳಬಂದ ಶೀಟು

ಉಡುಪಿ ಕಡೆಯ ಹಳೇ ಮನೆಗಳಿಗೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಶೀಟು ಎದುರು ಬಾಗಿಲಿನಿಂದ ಬಂದದ್ದಲ್ಲ, ಬಚ್ಚಲಿನಿಂದ ಬಂದದ್ದು. ಎದುರಿಗೆ ಹಲಸಿನ ಮರದ ಬಾಗಿಲು, ಹಿತ್ತಾಳೆ ಚಿಲಕ. ಬಚ್ಚಲಿಗೆ ಮಾತ್ರ "ಅಲ್ಲಿಗೆ ಇದು ಸಾಕು ಮಾರಾಯ್ರೆ" ಎಂದು ಪಿವಿಸಿಯ ಒಂದು ಟೊಳ್ಳು ಬಾಗಿಲು. ಆಟಿಯ ಮಳೆಯಲ್ಲಿ ಹಲಸಿನ ಬಾಗಿಲು ನೀರು ಕುಡಿದು ಉಬ್ಬುತ್ತದೆ, ಭುಜ ಕೊಟ್ಟು ನೂಕಿದರೂ ಮುಚ್ಚುವುದಿಲ್ಲ. ಬಚ್ಚಲಿನದ್ದು ಏಪ್ರಿಲ್‌ನಲ್ಲಿ ಹೇಗಿತ್ತೋ ಜುಲೈಯಲ್ಲೂ ಹಾಗೇ.

ನಮ್ಮ ಕರಾವಳಿಯಲ್ಲಿ ಇದೇನು ಸಣ್ಣ ಗುಣವಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ನಾಲ್ಕು ತಿಂಗಳು ಮನೆಯೊಳಗಿನ ವಸ್ತುಗಳೆಲ್ಲ ಮಳೆಯ ಪಕ್ಷ ಸೇರುತ್ತವೆ. ಡಬ್ಬಿಯ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಸಿಂಕಿನ ಕೆಳಗಿನ ಪ್ಲೈವುಡ್ ಪದರ ಬಿಚ್ಚಿಕೊಳ್ಳುತ್ತದೆ, ಅದರ ಹಿಂದೆ ಒರಲೆ ಮಣ್ಣಿನ ದಾರಿ ಕಟ್ಟುತ್ತದೆ. ಈಗ ಆ ಕಪಾಟಿಗೆ ಪಿವಿಸಿ ಫೋಮ್ ಬೋರ್ಡು. ಮರದ ಹಾಗೇ ಗರಗಸದಲ್ಲಿ ಕೊಯ್ಯಬಹುದು, ಸ್ಕ್ರೂ ಹಾಕಬಹುದು. ಒರಲೆಗೆ ಮಾತ್ರ ತಿನ್ನಲಿಕ್ಕೆ ಅದರಲ್ಲಿ ಏನೂ ಇಲ್ಲ.

ನನಗೆ ಇದರಲ್ಲಿ ತುಂಬಾ ಮಜಾ ಅನಿಸುವುದು ಉಪ್ಪಿನ ವಿಷಯ. ಕಡಲಿನ ಗಾಳಿಯಲ್ಲಿರುವ ಉಪ್ಪು ನಮ್ಮ ಕಿಟಕಿ ಸರಳು, ಗೇಟು, ತಗಡಿನ ಮಾಡು ಎಲ್ಲವನ್ನೂ ತುಕ್ಕು ಹಿಡಿಸಿ ತಿನ್ನುತ್ತದೆ. ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 57 ಪಾಲು ಕ್ಲೋರಿನ್. ಆ ಕ್ಲೋರಿನ್ ಸಿಗುವುದು ಉಪ್ಪುನೀರಿಗೆ ಕರೆಂಟು ಹಾಯಿಸಿ. ಅಂದರೆ ಅರ್ಧಕ್ಕಿಂತ ಜಾಸ್ತಿ ಉಪ್ಪಿನಿಂದಲೇ ಹುಟ್ಟಿದ ಶೀಟಿಗೆ ಉಪ್ಪುಗಾಳಿ ಏನೂ ಮಾಡಲಾರದು. ಕಳ್ಳನ ಮನೆಯವನೇ ಕಳ್ಳನ ಎದುರು ಕಾವಲು ನಿಂತ ಹಾಗೆ, ಅಲ್ವಾ?

ಬಚ್ಚಲಿನಿಂದ ಹೊರಟದ್ದು ಈಗ ಚಾವಡಿಯ ನೆತ್ತಿಗೂ ಏರಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಇಲ್ಲಿ ಹಂಚಿನ ಮಾಡೇ ಮಾಡು. ಹಂಚಿನ ಸಂದಿಯಿಂದ ಗಾಳಿ ಬರುತ್ತದೆ, ಜೊತೆಗೆ ಕಸ, ಇಲಿ, ಮಳೆ ಜೋರಾದರೆ ಎರಚಲು. ಅದಕ್ಕೆ ಕೆಳಗೊಂದು ಪಿವಿಸಿ ಸೀಲಿಂಗು. ಕಸ ನಿಲ್ಲುತ್ತದೆ, ಸರಿ. ಆದರೆ ಮರದ ಪಕ್ಕಾಸು ಕಣ್ಣಿಗೆ ಬೀಳದ ಮನೆ ನನಗೆ ಸ್ವಲ್ಪ ಆಸ್ಪತ್ರೆಯಂತೆ ಕಾಣುತ್ತದೆ. ಇದು ನನ್ನ ಹಟ, ಬಿಡಿ.

ಇನ್ನು ಫ್ಲೆಕ್ಸು. ಪಾಲಿಯೆಸ್ಟರ್ ಬಲೆಯ ಎರಡೂ ಬದಿಗೆ ಪಿವಿಸಿ ಹಚ್ಚಿದರೆ ಅದೇ ಫ್ಲೆಕ್ಸು. ಬ್ರಹ್ಮಕಲಶೋತ್ಸವ ಮುಗಿಯಿತು, ಚುನಾವಣೆ ಮುಗಿಯಿತು. ಮಳೆಗಾಲಕ್ಕೆ ಅದು ಸೌದೆ ರಾಶಿಯ ಮೇಲೆ, ಹಟ್ಟಿಯ ಬದಿಗೆ. ಮುಖಂಡರೊಬ್ಬರು ಸೋತ ಮೇಲೂ ನಮ್ಮ ತೆಂಗಿನ ಸಿಪ್ಪೆಯನ್ನು ಕೈಮುಗಿದುಕೊಂಡೇ ಕಾಯುತ್ತಾರೆ. ಅಷ್ಟು ಜನಸೇವೆ ಗೆದ್ದವರೂ ಮಾಡಲಿಕ್ಕಿಲ್ಲ.

ಪಿವಿಸಿ ನೀರಿನ ಎದುರು ಗಟ್ಟಿ, ಬಿಸಿಲಿನ ಎದುರು ಮೆದು. 1872ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಓಯ್ಗನ್ ಬೌಮನ್ ಬಿಸಿಲಿಗೆ ಬಿಟ್ಟ ಗಾಜಿನೊಳಗಿನ ಅನಿಲ ಬಿಳಿಯ ಗಟ್ಟಿ ವಸ್ತುವಾದದ್ದು ಇದರ ಮೊದಲ ಕತೆ. ಹುಟ್ಟಿಸಿದ ಬಿಸಿಲೇ ಇದನ್ನು ಹಳದಿ ಮಾಡಿ ಪುಡಿಗಟ್ಟುತ್ತದೆ. ಹಾಗಾಗಿ ಹೊರಗೆ ಹಾಕುವ ಶೀಟು ಬಿಸಿಲು ತಡೆಯುವ ಔಷಧ ಬೆರೆಸಿದ್ದೇ ಆಗಬೇಕು. ಕಡಿಮೆ ರೇಟಿನ ಒಳಾಂಗಣದ ಪ್ಯಾನೆಲ್ಲನ್ನು ಪಶ್ಚಿಮದ ಗೋಡೆಗೆ ಹಾಕಿದರೆ ಸುಮ್ನೆ ದುಡ್ಡು ದಂಡ. 80 ಡಿಗ್ರಿಯ ಹೊತ್ತಿಗೆ ಮೆತ್ತಗಾಗಿ ಬಾಗುವುದರಿಂದ ಒಲೆಯ ಹಿಂದೆಯೂ ಬೇಡ. ಬೆಂಕಿ ತಾಗಿದರೆ ಗಟ್ಟಿ ಪಿವಿಸಿ ಉರಿಯುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ಆದರೆ ಅದರ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ನೀರಿನ ಪಸೆ ಸಿಕ್ಕಿದರೆ ಅದು ಆಸಿಡ್. ಕೆಲಸ ಮುಗಿದ ಮೇಲೆ ಉಳಿದ ತುಂಡುಗಳನ್ನು ಬಚ್ಚಲ ಒಲೆಗೆ ತುರುಕುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ. ಗಂಟಲಿಗೂ ಒಳ್ಳೆಯದಲ್ಲ, ತಾಮ್ರದ ಹಂಡೆಗೂ ಒಳ್ಳೆಯದಲ್ಲ.

ಬಿಸಿಗೆ ಹಿಗ್ಗುವುದೂ ಜಾಸ್ತಿ. 10 ಅಡಿ ಶೀಟು 30 ಡಿಗ್ರಿ ಏರಿಳಿತಕ್ಕೆ ಸುಮಾರು ಅರ್ಧ ಸೆಂಟಿಮೀಟರ್ ಉದ್ದವಾಗುತ್ತದೆ. ಅದಕ್ಕೇ ತಿಳಿದ ಆಚಾರ್ರು ಅಂಚಿಗೆ ಸಂದಿ ಬಿಡುತ್ತಾರೆ, ಸ್ಕ್ರೂಗಿಂತ ತೂತನ್ನು ತುಸು ದೊಡ್ಡದೇ ಕೊರೆಯುತ್ತಾರೆ. ಎಪ್ರಿಲ್ ಮಧ್ಯಾಹ್ನ ಸೀಲಿಂಗಿನಲ್ಲಿ ಟಕ್ ಎಂದು ಸದ್ದಾದರೆ, ಇಲಿ ಎಂದು ಕೋಲು ಹುಡುಕುವ ಮೊದಲು ಆ ತೂತನ್ನೊಮ್ಮೆ ನೋಡಬೇಕು.