ಜೊತೆ ಡೈವರ್‌ಗೆ ಕೊಟ್ಟ ಪುಕ್ಕಟೆ ಸಲಹೆಗೆ ಕಾನೂನಿನ ಹೊಣೆ ಇರಬೇಕೇ?

ಹುಬ್ಬಳ್ಳಿ-ಧಾರವಾಡದಿಂದ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವ್ ಮಾಡುವವರಿದ್ದಾರೆ. ದೋಣಿಯಲ್ಲಿ ಪಕ್ಕ ಕೂತ ಅನುಭವಿ ಡೈವರ್ ಹೇಳಿದ ಮಾತು ನಂಬಿ ಒಬ್ಬರಿಗೆ ಪೆಟ್ಟಾದರೆ, ಹೇಳಿದವರು ಪರಿಹಾರ ಕೊಡಬೇಕೇ?

ಪರ: ಅಂಕಿ ಹೇಳಿದವರು ಅದಕ್ಕೆ ಜವಾಬು ಕೊಡಬೇಕು

"ಇನ್ನ ಎರಡು ಕೆ.ಜಿ. ಹಾಕ್ಕೋರಿ, ಏನೂ ಆಗೂದಿಲ್ಲ." ನೀರಲ್ಲಿ ಮುಳುಗಲೆಂದು ಡೈವರ್‌ಗಳು ಮೈಗೆ ಸೀಸದ ತೂಕ ಕಟ್ಟಿಕೊಳ್ಳುತ್ತಾರೆ. ಈ ಎರಡು ಕೆ.ಜಿ. ಸೀಸ ಏನು ಮಾಡುತ್ತದೆ ನೋಡಿ. ಈಜುಕೊಳದಲ್ಲಿ ಕಲಿತವರಿಗೆ ಸಮುದ್ರದಲ್ಲಿ ತುಸು ಹೆಚ್ಚು ತೂಕ ಬೇಕೆಂಬುದು ನಿಜ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ದಟ್ಟ. ಮೈ, ಸಾಮಾನು ಸೇರಿ 100 ಕೆ.ಜಿ. ತೂಗುವವರು ಸುಮಾರು ಎರಡೂವರೆ ಕೆ.ಜಿ. ಕೂಡಿಸಿಕೊಳ್ಳಬೇಕು. ಆಗಲೇ ಕೂಡಿಸಿಕೊಂಡವರಿಗೆ ವಿಚಾರಿಸದೆ ಮತ್ತೆರಡು ಹಾಕಿಸಿದರೆ ಅವರು ಕೆಳಗೆ ಜಗ್ಗುತ್ತಲೇ ಹೋಗುತ್ತಾರೆ, ಸಮತೂಕಕ್ಕೆಂದು ಬಿಸಿಡಿ ಜಾಕೆಟ್‌ಗೆ (ಗಾಳಿ ತುಂಬಿ, ಬಿಟ್ಟು ತೇಲುವಿಕೆ ಹೊಂದಿಸುವ ಅಂಗಿ) ಗಾಳಿ ತುಂಬುತ್ತಲೇ ಇರುತ್ತಾರೆ. ಮೇಲೆ ಬರುವಾಗ ಆ ಗಾಳಿ ಹಿಗ್ಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ 2 ಬಾರ್, ಮೇಲೆ 1 ಬಾರ್, ಅಂದರೆ ಗಾತ್ರ ಇಮ್ಮಡಿ. ಸಮಯಕ್ಕೆ ಗಾಳಿ ಬಿಡಲು ಬಾರದ ಹೊಸಬರು ನಿಮಿಷಕ್ಕೆ 9 ಮೀಟರ್ ಎಂಬ ಮಿತಿ ಮೀರಿ ಬಿರಡೆಯಂತೆ ಚಿಮ್ಮುತ್ತಾರೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದರಂತೂ ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ನುಗ್ಗಿ ಮಿದುಳು ತಲುಪಬಹುದು. ತುಂಬಿದ ಉಸಿರಿನಲ್ಲಿ ಅದಕ್ಕೆ ಒಂದೂವರೆ ಮೀಟರ್ ಏರಿದರೂ ಸಾಕು.

ತೂಕ ಪರೀಕ್ಷಿಸುವುದು ಕೆಲವೇ ನಿಮಿಷದ ಕೆಲಸ. ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡದಷ್ಟೇ ಗಾಳಿ ಉಳಿದಾಗ ಜಾಕೆಟ್ ಖಾಲಿ ಮಾಡಿ, ಸಾಮಾನ್ಯ ಉಸಿರು ಎಳೆದು ನೀರಲ್ಲಿ ಅಲುಗದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರ್‌ನಲ್ಲಿ ನೋಡಿದರೆ, ಮುಂದೆ ಖರ್ಚಾಗುವ ಗಾಳಿಯ ಲೆಕ್ಕಕ್ಕೆ ಸುಮಾರು 2 ಕೆ.ಜಿ. ಮೇಲೆ ಸೇರಿಸಬೇಕು. ಇದನ್ನೆಲ್ಲ ಬಲ್ಲವರು, ಅದೂ ಡೈವ್‌ಮಾಸ್ಟರ್ ಕಾರ್ಡ್ (ಇತರ ಡೈವರ್‌ಗಳನ್ನು ಕರೆದೊಯ್ಯುವ ಅರ್ಹತಾ ಪತ್ರ) ಇರುವವರು, ಮಾಡಿಸದೆ ಬಾಯಿಗೆ ಬಂದ ಅಂಕಿ ಹೇಳಿದರೆ ಅದು ನಿರ್ಲಕ್ಷ್ಯವೇ.

ಹಣ ಪಡೆದಿಲ್ಲ ಎಂದ ಮಾತ್ರಕ್ಕೆ ಬಿಡುಗಡೆ ಇಲ್ಲ. 1963ರ ಹೆಡ್ಲಿ ಬರ್ನ್ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ತನ್ನ ಪರಿಣತಿಯನ್ನು ಎದುರಿನವರು ನೆಚ್ಚುತ್ತಾರೆಂದು ಬಲ್ಲವನು ಕೊಟ್ಟ ಮಾತಿಗೂ ಹೊಣೆ ಹುಟ್ಟಬಹುದು ಎಂದಿತು. 1988ರ ಚೌಧರಿ ವಿರುದ್ಧ ಪ್ರಭಾಕರ್ ಪ್ರಕರಣದಲ್ಲಿ, ಗೆಳತಿಗೆ ಪುಕ್ಕಟೆಯಾಗಿ ಹಳೇ ಕಾರು ಹುಡುಕಿಕೊಟ್ಟವನೇ ಪರಿಹಾರ ಕೊಡಬೇಕಾಯಿತು. ಇಂಥ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅವುಗಳಿಗೆ ಇಲ್ಲಿ ತೂಕವಿದೆ. "ಒಳ್ಳೇ ಮನಸ್ಸಿನಿಂದ ಹೇಳಿದೆ" ಎಂಬ ಸಮಜಾಯಿಷಿಗೂ ಮಿತಿಯುಂಟು. ತಕ್ಕ ಎಚ್ಚರಿಕೆ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 2(11)ನೇ ಕಲಂ ಹೇಳುತ್ತದೆ.

ಜೈಲು ಬೇಡ, ಸಿವಿಲ್ ಪರಿಹಾರ ಸಾಕು. ಅದೂ ಹೇಳಿದವರು ಹೆಚ್ಚಿನ ತರಬೇತಿ ಪಡೆದವರಾಗಿದ್ದು, ಸಲಹೆ ಆ ಒಬ್ಬರಿಗೆಂದೇ ಕೊಟ್ಟದ್ದಾಗಿದ್ದು, ಪರಿಶೀಲಿಸಲು ಕೇಳಿದವರಿಗೆ ಪುರಸೊತ್ತೇ ಸಿಗದಿದ್ದರೆ ಮಾತ್ರ. ಚಹಾ ಕುಡಿಯುತ್ತ ಆಡಿದ ಮಾತಿಗಲ್ಲ.

ವಿರೋಧ: ಬಾಯಿ ಕಟ್ಟಿದರೆ ಘಟ್ಟದ ವಿಷಯ ಹೇಳುವವರು ಯಾರು?

ನಮ್ಮ ಕಡೆಯ ಡೈವರ್‌ಗೆ ಒಂದು ಅಪಾಯ ದಡ ಸೇರಿದ ಮೇಲೆ ಶುರುವಾಗುತ್ತದೆ. ಮುರ್ಡೇಶ್ವರದಿಂದ ಅಂಕೋಲಾವರೆಗೆ ಕರಾವಳಿ ದಾರಿ, ಅಲ್ಲಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ, ಧಾರವಾಡ ಇನ್ನೂ ಮೇಲೆ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರಡಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಕರಗಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಕೀಲುನೋವು, ಜೋಮು, ವಿಪರೀತ ದಣಿವು ಕಂಡರೆ ಕಾರಿನ ಪ್ರಯಾಣದ ಆಯಾಸವೆಂದು ಮಲಗಿಬಿಡುವುದೇ ದೊಡ್ಡ ತಪ್ಪು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ವಿಮಾನ ಹತ್ತುವವರಿಗೆ ಒಂದೇ ಡೈವ್ ಆದರೆ 12 ಗಂಟೆ, ಹೆಚ್ಚು ಡೈವ್ ಅಥವಾ ಹೆಚ್ಚು ದಿನ ಆದರೆ 18 ಗಂಟೆ ಕಾಯಿರಿ ಎನ್ನುತ್ತದೆ. ಈ ಸೂತ್ರ ಅನ್ವಯಿಸುವುದು ಸುಮಾರು 600ರಿಂದ 2,400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ. ನಮ್ಮೂರು ಅದರ ಹೊಸ್ತಿಲ ಮೇಲೇ ಇದೆ. "ಇವತ್ತು ಎರಡು ಡೈವ್ ಆಗ್ಯಾವ, ರಾತ್ರಿ ಇಲ್ಲೇ ಉಳೀರಿ, ನಾಳೆ ಘಟ್ಟ ಹತ್ತೋಣು" ಎಂದು ಹೇಳಬಲ್ಲವರು ನಮ್ಮೂರಿನ ಜೊತೆ ಡೈವರ್‌ಗಳೇ. ನಾಳೆ ಕೋರ್ಟು ಅಂಕಿ ಕೇಳುತ್ತದೆಂದು ಗೊತ್ತಾದರೆ ಈ ಮಾತು ಹೇಳಬೇಕಾದವರೇ ಸುಮ್ಮನಾಗುತ್ತಾರೆ. ತೂಕದ ಬಗ್ಗೆ ತಪ್ಪು ಹೇಳಿದ್ದರಿಂದ ಆಗುವ ಹಾನಿಗಿಂತ ಈ ಮೌನದ ಹಾನಿ ದೊಡ್ಡದೆಂದೇ ನನ್ನ ನಂಬಿಕೆ.

ಕಾರಿನ ತೀರ್ಪಿನ ಒಳಗನ್ನೂ ನೋಡಬೇಕು. ಅಲ್ಲಿ ಎಚ್ಚರಿಕೆಯ ಹೊಣೆ ಇತ್ತೆಂದು ಪ್ರತಿವಾದಿಯ ವಕೀಲರೇ ಒಪ್ಪಿಬಿಟ್ಟಿದ್ದರು. ಹಾಗೆ ಒಪ್ಪಿದ್ದು ಸರಿಯೇ ಎಂದು ಪೀಠದ ಒಬ್ಬ ನ್ಯಾಯಮೂರ್ತಿ ಅನುಮಾನ ಪಟ್ಟರು. ಅದರ ಮೇಲೆ ಗೆಳೆಯರನ್ನೆಲ್ಲ ಕಟಕಟೆಗೆ ತರುವುದು ಸಲ್ಲದು.

"ಸಿವಿಲ್ ಸಾಕು" ಎನ್ನುವುದು ಸುಲಭ. ಸಾವಾದಾಗ ಮೊದಲು ಬರುವುದು ಪೊಲೀಸರು. ನಿರ್ಲಕ್ಷ್ಯದ ಸಾವಿಗೆ ಹಳೇ ಭಾರತೀಯ ದಂಡ ಸಂಹಿತೆಯ 304ಎ ಕಲಂನಲ್ಲಿ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ, 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷ. ಕೇಳಿದವರ ಒಳಿತಿಗೆಂದು ಸದ್ಭಾವನೆಯಿಂದ ತಿಳಿಸಿದ್ದು ಅಪರಾಧವಲ್ಲ ಎಂದು 31ನೇ ಕಲಂ ಹೇಳುತ್ತದೆ. ಆರೋಪಿಯ ಕೃತ್ಯವೇ ಸಾವಿಗೆ ನೇರ ಕಾರಣವಾಗಿರಬೇಕೆಂದು ಸುಪ್ರೀಂ ಕೋರ್ಟು ಕುರ್ಬಾನ್ ಹುಸೇನ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದನ್ನು ಸಾಬೀತುಪಡಿಸಲು ಭಟ್ಕಳದ ಕೋರ್ಟಿಗೆ ಅಲೆಯಬೇಕು, ಎಫ್‌ಐಆರ್ ರದ್ದಿಗೆ ಹೈಕೋರ್ಟಿನ ಧಾರವಾಡ ಪೀಠದ ಬಾಗಿಲು ತಟ್ಟಬೇಕು.

ಇನ್ನೊಂದು ಮಾತು ಬಹಳ ಮುಖ್ಯ. ಗೆಳೆಯರ ಹೊಣೆ ಎಂದ ಕೂಡಲೇ ದುಡ್ಡು ಪಡೆದ ಡೈವ್ ಕೇಂದ್ರ ಅವರತ್ತ ಬೆರಳು ತೋರಿಸಿ ಪಾರಾಗಲು ನೋಡುತ್ತದೆ. ತೂಕ ಪರೀಕ್ಷೆ ಮಾಡಿಸುವುದು ಆ ಕೇಂದ್ರದ ಕೆಲಸ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪುಕ್ಕಟೆ ಸೇವೆಯನ್ನು ಹೊರಗಿಟ್ಟಿದೆ, ಹಣ ಪಡೆದದ್ದನ್ನಲ್ಲ. ದೂರನ್ನು ಎರಡು ವರ್ಷದೊಳಗೆ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಧಾರವಾಡ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಅದಕ್ಕೆ ಅಂದೇ ಹಿಡಿದಿಡಬೇಕಾದ್ದು ಹಣ ಕಟ್ಟಿದ ರಸೀತಿ, ಸಹಿ ಹಾಕಿದ ಫಾರಂನ ಫೋಟೊ, ಕಟ್ಟಿಕೊಂಡ ಸೀಸದ ತೂಕ, ಡೈವ್‌ಮಾಸ್ಟರ್ ಜೊತೆ ಇಳಿದವರ ಸಂಖ್ಯೆ, ಮತ್ತು ಡೈವ್ ಕಂಪ್ಯೂಟರ್‌ನಲ್ಲಿ ದಾಖಲಾದ ಆಳ, ಸಮಯ, ಏರಿಕೆಯ ವೇಗ.