ಸತ್ಯಾಂಶ: ಇಮ್ಯುನಿಟಿ ಜಾಸ್ತಿ ಆದಷ್ಟೂ ಒಳ್ಳೆಯದಾ?

ಕಲಬುರಗಿಯ ನಮ್ಮ ಮನೆಯವರ ಗ್ರೂಪಿಗೆ ನಿನ್ನೆ ಒಂದು ಫಾರ್ವರ್ಡ್ ಬಂತು: "ದಿನಾ ಮೂರು ಸಲ ಕಷಾಯ ಕುಡಿಯಿರಿ, ಇಮ್ಯುನಿಟಿ ಹೆಚ್ಚಿದಷ್ಟೂ ಒಳ್ಳೆಯದು." ಇದು ತಪ್ಪು.

ಫ್ಲೂ ವೈರಸ್ ಜೀವಕೋಶದೊಳಗೆ ಹೊಕ್ಕರೆ ರಿಗ್-ಐ ಅನ್ನೋ ಪ್ರೋಟೀನ್ ಅದರ ಆರ್‌ಎನ್‌ಎ (ವೈರಸ್ಸಿನ ಜೀನ್ ಇರೋ ವಸ್ತು) ಗುರುತು ಹಿಡಿಯುತ್ತದೆ, ಕೂಡಲೇ ಆ ಕೋಶ ಇಂಟರ್‌ಫೆರಾನ್ ಅನ್ನೋ ಎಚ್ಚರಿಕೆ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನೆಲ್ಲ ಎಚ್ಚರಿಸುತ್ತದೆ. ಮೈಕೈ ನೋವು, ಸುಸ್ತಿಗೆ ಇದೂ ಒಂದು ಕಾರಣ. ಆದರೆ ಇದು ನಿಲ್ಲಲೂ ಬೇಕು ಅಲ್ವಾ? ಅದಕ್ಕೆ ಸಾಕ್ಸ್ (SOCS) ಅನ್ನೋ ಪ್ರೋಟೀನುಗಳಿವೆ, ಅವೇ ಬ್ರೇಕ್. ಬ್ರೇಕ್ ಹಿಡಿಯದಿದ್ದರೆ ಪೆಟ್ಟು ಬೀಳೋದು ನಮ್ಮದೇ ಶ್ವಾಸಕೋಶಕ್ಕೆ.

ಅವ್ವ ಶುಂಠಿ ಜಜ್ಜಿ ಕೊಡೋ ಕಷಾಯ ನಾನೂ ಕುಡಿಯುತ್ತೇನೆ, ಗಂಟಲಿಗೆ ಹಿತ. ಆದರೆ ಉಸಿರಾಡೋಕೆ ಕಷ್ಟ ಆದರೆ ಅದನ್ನೇ ನಂಬಿ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.