ಬುಕಾಸ್ ಅಂದರೆ ಯಾವತ್ತು?

ಇವತ್ತು ಬೆಳಿಗ್ಗೆಯೂ ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಅದೇ ಮಾತು. "ಬುಕಾಸ್ ನಲಾಂಗ್ ಪೋ." ಇಲ್ಲಿನ ಟಗಾಲೊಗ್ ಭಾಷೆಯಲ್ಲಿ, ನಾಳೆ ಬನ್ನಿ. ಕೊನೆಗೊಂದು 'ಪೋ' ಬೇರೆ, ನಮ್ಮ 'ರೀ' ಇದ್ದ ಹಾಗೆ, ಮರ್ಯಾದೆಗೆ. ಅಷ್ಟು ನಯವಾಗಿ ಹೇಳಿದರೆ ಬೈಯಲು ಬಾಯಿಯೇ ಬರುವುದಿಲ್ಲ. ಚಿಕ್ಕವಳಿದ್ದಾಗ ದೆವ್ವ ಬರಬಾರದು ಅಂತ ನಮ್ಮ ಬೀದಿಯವರೆಲ್ಲ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ಈಗ ಆ ದೆವ್ವ ನಾನೇ.

ನಾನಿರುವುದು ಫಿಲಿಪೀನ್ಸಿನ ತಾಲ್‌ನಲ್ಲಿ, ಗಂಡನ ಊರು. ಹೌದು, ಆ ಜ್ವಾಲಾಮುಖಿಯ ತಾಲ್ ಇದೇ. 1754ರಲ್ಲಿ ಅದು ಸಿಡಿದು ಹಳೇ ಊರು ಹಾಳಾದ ಮೇಲೆ ಜನ ಇಲ್ಲಿಗೆ ಎದ್ದು ಬಂದರು. ದೊಡ್ಡ ಬಸಿಲಿಕಾ ಚರ್ಚ್ ಇದೆ, ಸುತ್ತ ಸ್ಪೇನಿನವರ ಕಾಲದ ಮನೆಗಳಿವೆ. ಈ ದೇಶದ ಬಾವುಟ ಹೊಲಿದ ಮಾರ್ಸೆಲಾ ಅಗೊನ್ಸಿಲ್ಯೊ ಇಲ್ಲಿಯವರೇ. ನೋಡಲು ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ, ಆಮೇಲೆ ಮಾತಾಡೋಣ.

ನಮ್ಮ ಬೀದಿಗೆ ನೀರು ಬರುವುದು ರಾತ್ರಿ ಎರಡು ಗಂಟೆಗೆ, ಅದೂ ಬೆರಳಿನಷ್ಟು ದಪ್ಪ. ಮೂರು ಸಲ ಅರ್ಜಿ ಕೊಟ್ಟೆ. ಪೈಪು ಅಲ್ಲೇ ಇದೆ. ಅದರ ಮುಂದಿನ ಗೋಡೆಗೆ ಮಾತ್ರ ಹಬ್ಬಕ್ಕೆ ಮುಂಚೆ ಬಣ್ಣ ಬಂತು! ಬಣ್ಣಕ್ಕೆ ಯಾರೂ 'ಬುಕಾಸ್' ಅನ್ನಲಿಲ್ಲ ನೋಡಿ.

ಪಕ್ಕದ ಮನೆಯ ಲೋಲಾ, ಅಂದರೆ ಅಜ್ಜಿ, ಅವರ ಕಥೆ ಇನ್ನೂ ಕಷ್ಟ. ಕಿಟಕಿಗೆ ಗಾಜಿನ ಬದಲು ಕಪಿಸ್ ಎಂಬ ಸಮುದ್ರದ ಚಿಪ್ಪು ಕೂರಿಸಿದ ಹಳೇ ಮನೆ. ಮಾಡು ಸೋರುತ್ತದೆ. ಇಲ್ಲಿನ ಪರಂಪರೆ ಕಾನೂನಿನ ಪ್ರಕಾರ ಇಂಥ ಹಳೇ ಕಟ್ಟಡವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. ಕಾನೂನು ಸರಿಯಾಗಿಯೇ ಇದೆ, ಇಲ್ಲದಿದ್ದರೆ ಈ ಬೀದಿ ಎಂದೋ ಕಾಂಕ್ರೀಟ್ ಆಗುತ್ತಿತ್ತು. ಆದರೆ ಹಳೇ ರೀತಿಯಲ್ಲೇ ರಿಪೇರಿ ಮಾಡಿಸಲು ದುಡ್ಡು ಯಾರು ಕೊಡುತ್ತಾರೆ? ಲೋಲಾ ಒಳಗೆ ಬಕೆಟ್ ಇಟ್ಟುಕೊಂಡು ಕೂತಿದ್ದಾರೆ. ಹೊರಗೆ ಅವರ ಕಿಟಕಿಯ ಮುಂದೆ ಮದುಮಕ್ಕಳ ಫೋಟೋ ತೆಗೆಯುತ್ತಿರುತ್ತಾರೆ. "ಫೋಟೋದಲ್ಲಿ ನನ್ನನ್ನೂ ಸೇರಿಸಿಕೊಳ್ಳಿ, ನಾನೂ ಹಳೇ ಸಾಮಾನೇ" ಅಂದಿದ್ದರು ಒಂದು ಸಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇವೆಲ್ಲ ಹೋಗಲಿ. ನನ್ನ ಹೊಟ್ಟೆ ಉರಿಯುವುದು ರಸ್ತೆ ವಿಷಯಕ್ಕೆ. ಶನಿವಾರ, ಭಾನುವಾರ ಬಂತೆಂದರೆ ಪ್ರವಾಸಿಗಳ ವ್ಯಾನು, ಮದುವೆ ಕಾರು ಎರಡೂ ಕಡೆ ನಿಂತಿರುತ್ತವೆ. ನಡುವೆ ಒಂದು ಟ್ರೈಸಿಕಲ್, ಅಂದರೆ ಪಕ್ಕಕ್ಕೆ ಗಾಡಿ ಕಟ್ಟಿದ ಬೈಕು, ನುಗ್ಗುವುದೂ ಕಷ್ಟ. 2020ರ ಜನವರಿ 12ರಂದು ಜ್ವಾಲಾಮುಖಿ ಎದ್ದಾಗ ನಾವು ಇದೇ ರಸ್ತೆಯಲ್ಲಿ ಓಡಿದ್ದು. ಅದೂ ಭಾನುವಾರವೇ! ಮಧ್ಯಾಹ್ನ ಹೊಗೆ ಎದ್ದಿತು, ಸಂಜೆಯೊಳಗೆ ಎಚ್ಚರಿಕೆ ಐದರಲ್ಲಿ ನಾಲ್ಕನೇ ಹಂತಕ್ಕೆ ಏರಿತ್ತು. ಅತ್ತೆ ತುಳಸಿಗಿಡದ ಹಾಗೆ ಜೋಪಾನ ಮಾಡಿದ್ದ ಹೊಲಿಗೆ ಮಷೀನು ಬಿಟ್ಟು ಬರಬೇಕಾಯಿತು. ಈಗಲೂ ಆಗಾಗ ಗಂಧಕದ ಹೊಗೆ ಕವಿದು ಶಾಲೆಗೆ ರಜೆ ಕೊಡುತ್ತಾರೆ. ಮತ್ತೆ ಹಾಗೇ ಆದರೆ ಲೋಲಾರನ್ನು ಹೊತ್ತುಕೊಂಡು ವ್ಯಾನುಗಳ ಮೇಲೆ ಹತ್ತಿ ಇಳಿಯಬೇಕಾ? ಒಂದು ಪಕ್ಕವಾದರೂ ಖಾಲಿ ಬಿಡಿಸಿ ಅಂತ ಕೇಳಿದ್ದಕ್ಕೇ ಇವತ್ತು ನನಗೆ ಸಿಕ್ಕಿದ್ದು 'ಬುಕಾಸ್'.

ಈ ಭಾನುವಾರ ಎರಡು ಮದುವೆ ಇವೆಯಂತೆ. ಇವತ್ತೇ ನಮ್ಮ ಗೇಟಿನ ಮುಂದೆ ನಾಲ್ಕು ದೊಡ್ಡ ಹೂಕುಂಡ ಇಟ್ಟಿದ್ದೇನೆ, ಮಣ್ಣು ತುಂಬಿಸಿ. ಯಾರಾದರೂ ತೆಗೆಯಿರಿ ಅಂದರೆ ಏನು ಹೇಳಬೇಕು ಅಂತ ನನಗೂ ಗೊತ್ತು. ಕೊನೆಗೆ 'ಪೋ' ಕೂಡ ಸೇರಿಸುತ್ತೇನೆ.